ಕೂಸು ಅತ್ತದ್ದೇ ಚಲೋ ಆತು

ಮಗಳನ್ನು ಕ್ರಿಪ್ಪೆಗೆ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಇಲ್ಲಿ ಜರ್ಮನಿಯಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುವ ಮನೆಗೆ ಕ್ರಿಪ್ಪೆ ಅಂತಾರೆ. ಕೆಳಮನೆಯ ಅಜ್ಜಿ ನನ್ನ ಕೆಂಪು ಕಣ್ಣು ನೋಡಿ ಕೇಳಿದರು, "ಕೂಸು ಅತ್ತಿತಾ?"

ಹೂಂ ಅಂದೆ.

"ಒಳ್ಳೇದಾಯ್ತು. ನಾನು ಅಳುತ್ತಲೇ ಇರಲಿಲ್ಲವಂತೆ."

ಅವರು ಹುಟ್ಟಿದಾಗ ಲೈಪ್‌ಜಿಗ್ ಪೂರ್ವ ಜರ್ಮನಿಯ ಊರು. ತಾಯಿಗೆ ಗಿರಣಿಯಲ್ಲಿ ಪಾಳಿ ಕೆಲಸ. ಆಗ ವಾರದ ಕ್ರಿಪ್ಪೆ ಅಂತ ಇದ್ದವು: ಸೋಮವಾರ ನಸುಕಿನಲ್ಲಿ ಬಿಟ್ಟರೆ ಶನಿವಾರ ಕರೆದುಕೊಂಡು ಬರುವುದು, ರಾತ್ರಿಯೂ ಅಲ್ಲೇ. ಇವರು ಹೋಗುವಾಗ ಎರಡು ತಿಂಗಳು. "ನನ್ನ ಮಗಳು ಎಷ್ಟು ಶಾಣ್ಯಾಕಿ, ಅಳೋದೇ ಇಲ್ಲ" ಅಂತ ತಾಯಿ ಎಲ್ಲರೆದುರು ಹೇಳಿಕೊಳ್ಳುತ್ತಿದ್ದರಂತೆ. 1950ರ ದಶಕದಲ್ಲೇ ಅಲ್ಲಿನ ವೈದ್ಯೆ ಇವಾ ಶ್ಮಿಟ್-ಕೋಲ್ಮರ್ ಮಕ್ಕಳ ಬೆಳವಣಿಗೆಯನ್ನು ಹೋಲಿಸಿ ನೋಡಿದ್ದರು. ಮನೆಯಲ್ಲಿ ಬೆಳೆದವು ಮುಂದೆ, ಹಗಲಷ್ಟೇ ಬಿಟ್ಟವು ಅದರ ಹಿಂದೆ, ವಾರವಿಡೀ ಬಿಟ್ಟವು ಇನ್ನೂ ಹಿಂದೆ.

ಧಾರವಾಡದಿಂದ ಅವ್ವ ದಿನಾ ಫೋನ್ ಮಾಡಿ ಕೇಳುವುದೂ ಅದನ್ನೇ. "ಒಂದು ವರ್ಷದ ಕೂಸನ್ನ ಯಾರ ಕೈಯಾಗ ಕೊಡ್ತಿಯವಾ?" 2013ರ ಆಗಸ್ಟ್‌ನಿಂದ ಇಲ್ಲಿ ವರ್ಷ ತುಂಬಿದ ಪ್ರತಿ ಕೂಸಿಗೂ ಜಾಗ ಸಿಗಬೇಕೆಂಬ ಕಾನೂನಿದೆ ಅಂದರೆ ಅವ್ವನಿಗೆ ಸಮಾಧಾನವಿಲ್ಲ. ಮೊದಲ ಮೂರು ದಿನ ನಾನೂ ಅಲ್ಲೇ ಮೂಲೆಯಲ್ಲಿ ಕೂತಿದ್ದೆ, ನಾಲ್ಕನೇ ದಿನ ಸ್ವಲ್ಪ ಹೊತ್ತು ಹೊರಗೆ ಹೋದೆ, ಮಗಳು ಅತ್ತಾಗ ಒಬ್ಬ ಶಿಕ್ಷಕಿ ಎತ್ತಿಕೊಂಡಳು, ದಿನಾ ಅವಳೇ ಅಂದಾಗ ಅವ್ವ ಸುಮ್ಮನಾದಳು. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ನೋಡಿ ಹೇಳಿದ್ದು ಹೆಚ್ಚುಕಡಿಮೆ ಇಷ್ಟು. ಬೇಗ ಬಿಟ್ಟ ಮಾತ್ರಕ್ಕೆ ತಾಯಿಯ ನಂಟು ಹರಿಯುವುದಿಲ್ಲ. ನೋಡಿಕೊಳ್ಳುವವರು ಚೆನ್ನಾಗಿ ಮಾತಾಡಿಸಿದರೆ ಮಾತೂ ಚೆನ್ನಾಗಿ ಬರುತ್ತದೆ. ತಾಸುಗಳು ತೀರಾ ಹೆಚ್ಚಾದರೆ ಹಟ ತುಸು ಹೆಚ್ಚು.

ನನ್ನನ್ನು ಮೂರು ತಿಂಗಳಿಗೇ ಬಿಟ್ಟಿದ್ದರು. ಅವ್ವನಿಗೆ ಕುಂದಗೋಳದ ಸಾಲಿಯಲ್ಲಿ ನೌಕರಿ. ಮಾಳಮಡ್ಡಿಯ ನಮ್ಮ ಓಣಿಯ ಗಂಗಜ್ಜಿ ನನ್ನನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ರೊಟ್ಟಿಗೆ ಕಾಳು ಆರಿಸುತ್ತಿದ್ದಳು. ಅವ್ವ ಬಸ್ಸಿಗೆ ಹೋಗುವ ಮೊದಲು ಅರ್ಧ ತಾಸು ಅಲ್ಲೇ ಚಹಾ ಕುಡಿಯುತ್ತ ಕೂಡುತ್ತಿದ್ದಳಂತೆ. ಯಾವ ಪುಸ್ತಕ ಓದಿ ಕಲಿತಿದ್ದರು ಇವರಿಬ್ಬರು?

ಈ ಜೂನ್‌ನಲ್ಲಿ ಹುಬ್ಬಳ್ಳಿಯ ತಮ್ಮ ಎರಡೂವರೆ ವರ್ಷದ ಮಗಳನ್ನು ಪ್ಲೇಹೋಮಿಗೆ ಹಾಕಿದ. ನನ್ನ ಮಗಳಿಗಿಂತ ದೊಡ್ಡವಳು. ಮೊದಲ ದಿನವೇ ಆಯಾ ಕೂಸನ್ನು ಕಂಕುಳಿಗೆ ಹಾಕಿಕೊಂಡು ಒಳಗೆ ಹೋದಳಂತೆ, ಗೇಟು ಮುಚ್ಚಿತಂತೆ. "ಎರಡು ದಿನ ಅಳತಾವ್ರಿ, ಆಮ್ಯಾಲೆ ಸುಮ್ಮನಾಗತಾವ." ವಾರದಲ್ಲಿ ಸುಮ್ಮನಾದಳು. ತಮ್ಮನಿಗೆ ಖುಷಿ. ನನಗೆ ಆ ಸುಮ್ಮನಿರುವಿಕೆ ಕೇಳಿ ಹೊಟ್ಟೆಯಲ್ಲಿ ತಣ್ಣಗಾಯಿತು. "ನೀನೂ ಒಂದು ನಾಕು ದಿನ ಒಳಗ ಕೂಡೋ" ಅಂದೆ. "ಒಳಗ ಬಿಡೂದಿಲ್ಲಕ್ಕ" ಅಂದ.

ನಿನ್ನೆ ಕೆಳಮನೆಯ ಅಜ್ಜಿಗೆ ಗಂಗಜ್ಜಿಯ ಕಥೆ ಹೇಳಿದೆ. ಬಹಳ ಹೊತ್ತು ಮೆಟ್ಟಿಲ ಕಟಕಟೆ ಹಿಡಿದು ನಿಂತರು.

"ನಿಮಗೆ ಅವರ ಹೆಸರು ಗೊತ್ತಿದೆಯಲ್ಲ" ಅಂದರು.