ಬಿಎಂ ಎರಡು ಪಾಯಿಂಟ್ ಎಂಟು

ಹುಬ್ಬಳ್ಳಿಯ ಕ್ಯಾಶುಯಲ್ಟಿಯಲ್ಲಿ ಎರಡು ವರ್ಷ ದುಡಿದು, ವಿದೇಶಿ ವೈದ್ಯರಿಗಾಗಿ ಬ್ರಿಟನ್ ನಡೆಸುವ ಪ್ಲ್ಯಾಬ್ ಪರೀಕ್ಷೆ ಮುಗಿಸಿ, ಅಲ್ಲಿನ ವೈದ್ಯಕೀಯ ಮಂಡಳಿಯಾದ ಜಿಎಂಸಿಯ ನೋಂದಣಿ ಪಡೆದು ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಸೇರಿದ ನನಗೆ ಆರನೆಯ ದಿನವೇ ರಾತ್ರಿಪಾಳಿ ಬಿತ್ತು. ಹೊಸಬರಿಗೆ ಕೊಡುವ ಇಂಡಕ್ಷನ್ ಎಂಬುದು ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೊರಡಬೇಕು, ಬೆನ್ನು ನೋಯದಂತೆ ಪೆಟ್ಟಿಗೆಯನ್ನು ಹೇಗೆ ಎತ್ತಬೇಕು ಎಂಬ ವಿಡಿಯೊಗಳಲ್ಲಿ ಕಳೆದುಹೋಗಿತ್ತು. ಲಾಗಿನ್ ಕೈಗೆ ಬಂದದ್ದು ನಾಲ್ಕನೆಯ ದಿನ. ಮ್ಯಾಂಚೆಸ್ಟರಿನ ಪ್ಲ್ಯಾಬ್ ಪರೀಕ್ಷೆಯಲ್ಲಿ ರೋಗಿಯ ವೇಷದ ನಟರಿಗೆ ಸಾಂತ್ವನ ಹೇಳಿ ಪಾಸಾಗಿದ್ದೆನಾದರೂ, ವಾರ್ಡಿನ ಆಡುಮಾತನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ರಾತ್ರಿ ಎರಡೂಕಾಲಿಗೆ ವೈದ್ಯರನ್ನು ಕರೆಯುವ ಪೇಜರ್, ಅಂದರೆ ಬ್ಲೀಪ್, ಕೂಗಿತು. ಫೋನ್ ಮಾಡಿದರೆ ನರ್ಸ್ ಒಂದೇ ಉಸಿರಿನಲ್ಲಿ, "ಬೆಡ್ ಹದಿನಾಲ್ಕು, ಬಿಎಂ ಎರಡು ಪಾಯಿಂಟ್ ಎಂಟು, ಬರುತ್ತೀರಾ?" ಎಂದರು. ಬಿಎಂ ಎಂದರೆ ನನ್ನ ಪಾಲಿಗೆ ಮಲವಿಸರ್ಜನೆ. ಆ ಪಾಯಿಂಟ್ ಎಂಟು ಎಲ್ಲಿಂದ ಬಂತೆಂದು ಒಂದು ಕ್ಷಣ ಗೊಂದಲವಾದರೂ, ಮಲದ ಸ್ವರೂಪವನ್ನು ವಿಂಗಡಿಸುವ ಬ್ರಿಸ್ಟಲ್ ಚಾರ್ಟಿನ ಎರಡನೆಯ ವಿಧ, ಅಂದರೆ ಮಲಬದ್ಧತೆ ಎಂದು ನಾನೇ ಅರ್ಥ ಕಟ್ಟಿಕೊಂಡೆ. ಮರಳಿ ಕೇಳಿದರೆ ಪೆದ್ದನೆನಿಸಿಕೊಳ್ಳುವ ಅಳುಕು. "ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ" ಎಂದು ಹೇಳಿ, ಜಾಬ್ಸ್ ಲಿಸ್ಟಿನಲ್ಲಿ "ಬೆಡ್ 14, ಬಿಎಂ 2.8, ಸೆನ್ನಾ" ಎಂದು, ಮಲಬದ್ಧತೆಯ ಆ ಔಷಧಿಯ ಹೆಸರನ್ನೂ ಸೇರಿಸಿ ಬರೆದುಕೊಂಡು, ಬೇರೆ ವಾರ್ಡಿನಲ್ಲಿ ಒಂದು ಕ್ಯಾನುಲಾ ಹಾಕಲು ನಿಂತೆ.

ಹತ್ತು ನಿಮಿಷದ ಬಳಿಕ ಮತ್ತೆ ಬ್ಲೀಪ್. "ಈಗ 1.9, ಎಬ್ಬಿಸಿದರೆ ಏಳುತ್ತಿಲ್ಲ." ಎಬ್ಬಿಸಿದರೆ ಎಂಬ ಮಾತು ಕಿವಿಗೆ ಬಿದ್ದಾಗಲಷ್ಟೇ ನನ್ನ ತಲೆ ಹದಿನೆಂಟರಿಂದ ಗುಣಿಸಲು ಶುರು ಮಾಡಿತು: ಮೂವತ್ತನಾಲ್ಕು, ಅಪಾಯದ ಮಟ್ಟಕ್ಕೆ ಇಳಿದ ಸಕ್ಕರೆ. ರಕ್ತದ ಸಕ್ಕರೆಯ ಅಳತೆಯನ್ನು ಊರಿನಲ್ಲಿ ನಾವು ಜಿಆರ್‌ಬಿಎಸ್ ಎನ್ನುತ್ತೇವೆ; ಅದನ್ನೇ ಇಲ್ಲಿ, ಬೋರಿಂಗರ್ ಮಾನ್‌ಹೈಮ್ ಕಂಪನಿಯ ಹಳೆಯ ಸ್ಟ್ರಿಪ್‌ಗಳ ನೆನಪಿಗೆಂಬಂತೆ, ಇಂದಿಗೂ ಬಿಎಂ ಎನ್ನುತ್ತಾರೆ, ಅಳೆಯುವುದು ಮಿಲಿಮೋಲ್‌ಗಳಲ್ಲಿ; ಹದಿನೆಂಟರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ. ಆ ಉದ್ದದ ಕಾರಿಡಾರನ್ನು ಓಡಿ ದಾಟುವಾಗ, ಮೊದಲ ಫೋನಿನಲ್ಲೇ ಕೇಳಬೇಕಿದ್ದ ಮೂರು ಪದಗಳ ಪ್ರಶ್ನೆ ಮತ್ತೆ ಮತ್ತೆ ನಾಲಿಗೆಗೆ ಬರುತ್ತಿತ್ತು.

ಸಂಜೆಯ ಇನ್ಸುಲಿನ್ ಪಡೆದು ಊಟವನ್ನು ಹಾಗೇ ಬಿಟ್ಟಿದ್ದ ಆ ವೃದ್ಧರು ಬೆವರಿನಲ್ಲಿ ತೊಯ್ದಿದ್ದರು. ನರ್ಸ್, ಸಕ್ಕರೆ ತೀರಾ ಇಳಿದಾಗ ಬಳಸುವ ಹೈಪೋ ಬಾಕ್ಸ್ ತೆರೆದು, ಇಪ್ಪತ್ತು ಪರ್ಸೆಂಟ್ ಗ್ಲೂಕೋಸ್ ಸಿದ್ಧ ಮಾಡಿ, ನನ್ನ ಸಹಿಗಾಗಿ ಕಾಯುತ್ತಿದ್ದರು. ನೂರು ಎಂಎಲ್ ಹರಿದ ಮೇಲೆ ವೃದ್ಧರು ಕಣ್ಣು ಬಿಟ್ಟು, ಇಷ್ಟೊಂದು ಜನ ಏಕೆ ಸೇರಿದ್ದೀರಿ ಎಂದು ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಕೇಳಿರಲಿಲ್ಲ.

ಬೆಳಗ್ಗೆ ಪಾಳಿ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ನನ್ನ ಪಟ್ಟಿಯನ್ನು ಕೈಗೆತ್ತಿಕೊಂಡ ಹಿರಿಯ ವೈದ್ಯರಾದ ರಿಜಿಸ್ಟ್ರಾರ್ "ಬಿಎಂ 2.8, ಸೆನ್ನಾ" ಎಂದು ಎಲ್ಲರಿಗೂ ಕೇಳುವಂತೆ ಓದಿ, ಕನ್ನಡಕ ತೆಗೆದು, ನನ್ನತ್ತ ನೋಡಿದರು.