ಹೋಟೆಲ್ ಗ್ರೇವಿ ಮನೆಯಲ್ಲಿ: ಉಳ್ಳಾಗಡ್ಡಿ ಹುರಿಯೋದರಲ್ಲೇ ಎಲ್ಲ ಇದೆ

ಬೆಳಗಾವಿಯ ಹೋಟೆಲುಗಳಲ್ಲಿ ಪನೀರ್ ಮಸಾಲಾ, ಕಾಜು ಕರಿ, ವೆಜ್ ಕೊಲ್ಹಾಪುರಿ ಹತ್ತೇ ನಿಮಿಷಕ್ಕೆ ಟೇಬಲ್ಲಿಗೆ ಬರುತ್ತವೆ ಅಂದರೆ, ಬೆಳಿಗ್ಗೆಯೇ ಮಾಡಿಟ್ಟ ಗ್ರೇವಿ ಒಳಗಿರುತ್ತದೆ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ಮೊದಲು ಹೇಳಿಕೊಡುವುದನ್ನೇ ಮನೆ ಅಳತೆಗೆ ಇಳಿಸಿ ಬರೆದಿದ್ದೇನೆ.

ಉಳ್ಳಾಗಡ್ಡಿ 1 ಕೆಜಿ, ಟೊಮೆಟೊ 500 ಗ್ರಾಂ (ಜವಾರಿ ಇದ್ದರೆ 400 ಸಾಕು, ಹುಳಿ ಜಾಸ್ತಿ), ಬಳ್ಳೊಳ್ಳಿ 50 ಗ್ರಾಂ, ಹಸಿಶುಂಠಿ 30 ಗ್ರಾಂ, ಅರ್ಧ ತಾಸು ಬಿಸಿನೀರಲ್ಲಿ ನೆನೆದ ಗೋಡಂಬಿ 50 ಗ್ರಾಂ, ಎಣ್ಣೆ 150 ಮಿಲೀ. ಎಣ್ಣೆ ನೋಡಿ ಗಾಬರಿಯಾಗಬೇಡಿ, ನಾಲ್ಕು ಮಂದಿಯ ಮನೆಗೆ ಇದು ನಾಲ್ಕು ಸಲಕ್ಕೆ ಆಗುತ್ತದೆ.

ಹಸಿ ಉಳ್ಳಾಗಡ್ಡಿಯನ್ನೇ ರುಬ್ಬಿ ಹುರಿಯುವವರಿದ್ದಾರೆ. ಗ್ರೇವಿಗೆ ಕಹಿ ಬರುವುದು ಅಲ್ಲಿಂದಲೇ. ತೆಳ್ಳಗೆ, ಒಂದೇ ಸಮನಾಗಿ ಹೆಚ್ಚಿ, ಕಡಾಯಿಯಲ್ಲಿ ಕಾದ ಎಣ್ಣೆಗೆ ಸುರಿದು, ಒಂದು ಚಮಚ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಇಡಿ. ಉಪ್ಪಿಗೆ ನೀರು ಬಿಟ್ಟುಕೊಂಡು ಬೇಗ ಮೆತ್ತಗಾಗುತ್ತದೆ. ಮೊದಲ ಹತ್ತು ನಿಮಿಷ ಬಣ್ಣವೇ ಬರುವುದಿಲ್ಲ, ಕಡಾಯಿಯಲ್ಲಿ ಕೊತಕೊತ ಸದ್ದು. ನೀರು ಹೋದಮೇಲೆ ಸದ್ದು ಚರಚರ ಅಂತ ಬದಲಾಗುತ್ತದೆ. ಅಲ್ಲಿಂದ ಕೈ ಬಿಡುವ ಹಾಗಿಲ್ಲ, ಕೊನೆಯ ಐದು ನಿಮಿಷದಲ್ಲಿ ಬಣ್ಣ ಓಡುತ್ತದೆ. ಒಟ್ಟು 25 ನಿಮಿಷ. ಹೊಸ ಹಸಿ ಗಡ್ಡೆಯಾದರೆ ಇನ್ನೂ ಹತ್ತು. ಅವಸರಕ್ಕೆ ಉರಿ ಏರಿಸಿದರೆ ಅಂಚು ಸೀದು ನಡು ಹಸಿಯೇ ಉಳಿಯುತ್ತದೆ. ಆಮೇಲೆ ಎಷ್ಟು ಮಸಾಲೆ ಸುರಿದರೂ ಆ ವಾಸನೆ ಹೋಗದು.

ಜೇನು ಬಣ್ಣಕ್ಕೆ ಬಂದಾಗ ಜಜ್ಜಿದ ಶುಂಠಿ-ಬಳ್ಳೊಳ್ಳಿ ಹಾಕಿ ಎರಡು ನಿಮಿಷ ಆಡಿಸಿ. ಉರಿ ಸಣ್ಣ ಮಾಡಿ ಅರಿಶಿಣ ಅರ್ಧ ಚಮಚ, ಧನಿಯಾ ಪುಡಿ ಎರಡು ಚಮಚ, ಬ್ಯಾಡಗಿ ಖಾರಪುಡಿ ಎರಡು ಚಮಚ. ಖಾರಪುಡಿಯನ್ನು ಸ್ವಲ್ಪ ನೀರಲ್ಲಿ ಕಲಸಿಯೇ ಹಾಕಿ. ಒಣಪುಡಿ ಬಿಸಿ ಎಣ್ಣೆಗೆ ಬಿದ್ದರೆ ಕ್ಷಣದಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲೇ ಬಿಡುವುದು, ಅದಕ್ಕೇ ಟೊಮೆಟೊಕ್ಕಿಂತ ಮೊದಲು. ಬಣ್ಣ ಮುಖ್ಯವೆನ್ನುವವರು ಉದ್ದ ತೆಳ್ಳನೆಯ ಕಡ್ಡಿ ಬ್ಯಾಡಗಿಗಿಂತ ಗಿಡ್ಡ ದಪ್ಪನೆಯ ಡಬ್ಬಿ ಬ್ಯಾಡಗಿ ಕೊಳ್ಳಲಿ.

ಟೊಮೆಟೊ, ಗೋಡಂಬಿ ಹಾಕಿ 12 ನಿಮಿಷ ಬೇಯಿಸಿ, ಪೂರ್ತಿ ಆರಿಸಿ ರುಬ್ಬಿ. ಬಿಸಿ ಇದ್ದಾಗ ಮಿಕ್ಸರ್ ಮುಚ್ಚಳ ಹಾರುತ್ತದೆ.

ಮನೆಯಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಹೋಟೆಲ್ ರುಚಿ ಬರುವುದು ಮುಂದಿನ ಕಾಲು ತಾಸಿನಲ್ಲಿ. ರುಬ್ಬಿದ್ದನ್ನು ಮತ್ತೆ ಕಡಾಯಿಗೆ ಸುರಿದು ಸಣ್ಣ ಉರಿಯಲ್ಲಿ ತಳ ಕೆರೆಯುತ್ತಾ ಬೇಯಿಸಿ, ಗೋಡಂಬಿ ತಳ ಹಿಡಿಯುತ್ತದೆ. ಸವಟು ಎಳೆದಾಗ ತಳ ಒಂದು ಕ್ಷಣ ಕಂಡು ಮುಚ್ಚಬೇಕು, ಅಂಚಿನಲ್ಲಿ ಎಣ್ಣೆ ತೇಲಬೇಕು.

ಗರಂ ಮಸಾಲೆ ಇದಕ್ಕೆ ಹಾಕಬೇಡಿ, ಇಟ್ಟಷ್ಟೂ ಘಮ ಹಾರುತ್ತದೆ. ಪಲ್ಯ ಮಾಡುವಾಗ ಒಂದು ಚಮಚ ಬೆಣ್ಣೆಗೆ 250 ಗ್ರಾಂ ಗ್ರೇವಿ ಹಾಕಿ ಜೋರು ಉರಿಯಲ್ಲಿ ಮೂರು ನಿಮಿಷ, ಮುಕ್ಕಾಲು ಬಟ್ಟಲು ಬಿಸಿನೀರು, 200 ಗ್ರಾಂ ಪನೀರ್, ಇಳಿಸುವ ಮುಂಚೆ ಕಾಲು ಚಮಚ ಗರಂ ಮಸಾಲೆ, ತಿಕ್ಕಿದ ಕಸೂರಿ ಮೇಥಿ. ಕೊಲ್ಹಾಪುರಿ ಬೇಕಿದ್ದರೆ ಹುರಿದ ಒಣಕೊಬ್ಬರಿ ಎರಡು ಚಮಚ, ಎಳ್ಳು ಒಂದು ಚಮಚ ಅರೆದು ಸೇರಿಸಿ, ಖಾರ ಏರಿಸಿ.

ಉಳಿದ ಗ್ರೇವಿಯನ್ನು ಅಗಲ ತಾಟಿನಲ್ಲಿ ಹರಡಿ ಬೇಗ ಆರಿಸಿ. ಫ್ರಿಜ್‌ನಲ್ಲಿ ಮೂರು ದಿನ, 250 ಗ್ರಾಂ ಡಬ್ಬಿಗಳಲ್ಲಿ ಫ್ರೀಜರ್‌ನಲ್ಲಿ ಒಂದು ತಿಂಗಳು. ಕರಗಿದಾಗ ನೀರು ಬೇರೆಯಾಗಿ ಒಡೆದಂತೆ ಕಂಡರೆ ಚೆಲ್ಲಬೇಡಿ, ಕಡಾಯಿಯಲ್ಲಿ ಎರಡು ನಿಮಿಷ ಆಡಿಸಿದರೆ ಕೂಡಿಕೊಳ್ಳುತ್ತದೆ.