ಹನ್ನೆರಡು ಗಾಲಿ ಲಾರಿಯ ಬ್ರೇಕ್ ಕೆಲಸ: ಹಿಂದಿನ ನಾಲ್ಕು ಮುಗೀತು

ನಮ್ಮ ಲಾರಿಗೆ ಹನ್ನೆರಡು ಗಾಲಿ, ನಾಲ್ಕು ಆಕ್ಸಲ್, ಎಂಟು ಬ್ರೇಕ್. ಬ್ರೇಕ್ ಸಡಿಲಾದಾಗ ಬಿಗಿ ಮಾಡುವ ಭಾಗವೇ ಸ್ಲ್ಯಾಕ್ ಅಡ್ಜಸ್ಟರ್. ಎಂಟಕ್ಕೂ ಕೈಯಿಂದ ಟೈಟ್ ಮಾಡುವ ಹಳೇ ಸ್ಲ್ಯಾಕ್ ಅಡ್ಜಸ್ಟರ್‌ಗಳೇ ಇದ್ದವು. ಅವನ್ನು ತೆಗೆದು ಆಟೋಮ್ಯಾಟಿಕ್ ಹಾಕುವ ಕೆಲಸ ಹಿಡಿದು ಎರಡು ಅಮಾವಾಸ್ಯೆ ಆಯಿತು. ಅಮಾವಾಸ್ಯೆಗೆ ಪೂಜೆ ಮಾಡಿ ಗಾಡಿ ನಿಲ್ಲಿಸುತ್ತೇವಲ್ಲ, ಅವತ್ತೇ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿಗೆ ಒಯ್ಯುತ್ತೇನೆ.

ಇಷ್ಟಕ್ಕೆಲ್ಲ ಕಾರಣ ಅರೆಬೈಲ್ ಘಾಟ್. ಅಮರಗೋಳ ಎಪಿಎಂಸಿಯಲ್ಲಿ ಗೋವಿನಜೋಳ ತುಂಬಿಕೊಂಡು, ಯಲ್ಲಾಪುರ ದಾಟಿ ಅಂಕೋಲಾ ಕಡೆ ಇಳಿಯುತ್ತಿದ್ದೆ. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಪೆಡಲ್ ಪೂರ್ತಿ ತುಳಿದರೂ ಗಾಡಿ ಹಿಡಿತಕ್ಕೆ ಬರಲಿಲ್ಲ. ಗೇಜಿನಲ್ಲಿ ಗಾಳಿ 7 ಬಾರ್ ತೋರಿಸುತ್ತಿತ್ತು, ಅಂದರೆ ಗಾಳಿಗೇನೂ ಕೊರತೆ ಇರಲಿಲ್ಲ. ಪುಣ್ಯಕ್ಕೆ ಮೊದಲಿನಿಂದಲೂ ಸಣ್ಣ ಗೇರಿನಲ್ಲೇ ಇದ್ದೆ, ಕೆಳಗೆ ಬಂದು ಮುಟ್ಟಿದೆ. ಆಗಿದ್ದು ಇಷ್ಟು: ಡ್ರಮ್ ಕಾದರೆ ಹಿಗ್ಗುತ್ತದೆ. ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಲೈನರ್ ಅದನ್ನು ಮುಟ್ಟಬೇಕಾದರೆ, ಬೂಸ್ಟರ್ (ಗಾಳಿಯ ಬಲದಿಂದ ಬ್ರೇಕ್ ಒತ್ತುವ ಡಬ್ಬಿ) ತಳ್ಳುವ ರಾಡ್ ಇನ್ನೂ ಮುಂದೆ ಬರಬೇಕು. ಮೊದಲೇ ಸಡಿಲ ಇದ್ದರೆ ರಾಡ್ ತನ್ನ ಕೊನೆಗೆ ಬಂದು ನಿಂತುಬಿಡುತ್ತದೆ. ಆಮೇಲೆ ಗಾಳಿ ಎಷ್ಟಿದ್ದರೂ ಸುಮ್ನೆ.

ಮೊದಲ ಅಮಾವಾಸ್ಯೆ ಬರೀ ಅಳತೆಗೇ ಹೋಯಿತು. ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ರಾಡಿನ ಮೇಲೆ ಬೂಸ್ಟರ್ ಬಾಯಿಗೆ ಸರಿಯಾಗಿ ಚಾಕ್‌ಪೀಸಿನ ಗೆರೆ ಎಳೆದೆ. ನನ್ನ ತಮ್ಮ ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಒತ್ತಿದ, ಗೆರೆ ಎಷ್ಟು ಹೊರಗೆ ಬಂತು ಅಂತ ಸ್ಕೇಲ್ ಹಿಡಿದೆ. 30ರ ಸೈಜಿನ ಸಾದಾ ಬೂಸ್ಟರ್‌ಗೆ ರಾಡ್ 51 ಮಿ.ಮೀ.ಗಿಂತ ಜಾಸ್ತಿ ಹೊರಗೆ ಬರಬಾರದು. ಲಿಫ್ಟ್ ಆಕ್ಸಲ್‌ನ ಎಡಗಡೆ 58 ಬಂತು (ಲೋಡ್ ಇಲ್ಲದಾಗ ಮೇಲೆತ್ತುವ ಹಿಂದಿನ ಆಕ್ಸಲ್ ಅದು). ಬಲಗಡೆ 46. ಒಂದೇ ಆಕ್ಸಲ್‌ನಲ್ಲಿ ಇಷ್ಟು ಫರಕು!

ಈ ಸಲ ಹಿಂದಿನ ನಾಲ್ಕು ಬಿಚ್ಚಿದೆವು. ಹೌಸಿಂಗ್‌ನ, ಅಂದರೆ ಎಂಜಿನ್ ತಿರುಗಿಸುವ ಆಕ್ಸಲ್‌ನ, ಬೂಸ್ಟರ್‌ಗಳಲ್ಲಿ ಪಾರ್ಕಿಂಗ್ ಸ್ಪ್ರಿಂಗ್ ಇರುತ್ತದೆ, ಅದಕ್ಕೆ ಬೋಲ್ಟ್ ಹಾಕಿ ಲಾಕ್ ಮಾಡದೆ ಕೈ ಹಚ್ಚಲೇಬೇಡಿ. ಆ ಸ್ಪ್ರಿಂಗ್ ಸಿಡಿದರೆ ಜೀವ ಹೋಗುತ್ತದೆ.

ಲಿಫ್ಟ್ ಆಕ್ಸಲ್ ಎಡಗಡೆ ಹಳೇ ಅಡ್ಜಸ್ಟರ್ ತೆಗೆದ ಮೇಲೆ ಮಿಸ್ತ್ರಿ ಕಾಕಾ, ತಿರುಗಿ ಲೈನರ್ ಅಗಲಿಸುವ ಎಸ್ ಕ್ಯಾಮ್ ಶಾಫ್ಟ್ ಹಿಡಿದು ಅಲ್ಲಾಡಿಸಿದರು. ಟಕ್ ಟಕ್ ಅಂತ ಆಡಿತು. "ತಮ್ಮಾ, ಬುಷ್ ಹಿಂಗಿದ್ರ ಹೊಸಾದು ಹಾಕೂದು ದಂಡ ನೋಡು" ಅಂದರು. ಬುಷ್ ಅಂದರೆ ಆ ಶಾಫ್ಟ್ ತಿರುಗುವ ಬಳೆ. ಅದು ನಿಜ. ಲೈನರ್ ಸವೆದಷ್ಟೂ ಆಟೋಮ್ಯಾಟಿಕ್ ತಾನೇ ಹೊಂದಿಸಿಕೊಳ್ಳುತ್ತದೆ, ಆದರೆ ಬುಷ್ ಆಟವನ್ನು ಅದು ಸರಿಮಾಡಲಾರದು. ಶಾಫ್ಟ್ ಹೊರಗೆ ಎಳೆದರೆ ಬುಷ್ ಕೂರುವ ಜಾಗದಲ್ಲಿ ಉಗುರು ಸಿಗುವಷ್ಟು ಗೆರೆ ಬಿದ್ದಿತ್ತು. ಶಾಫ್ಟೂ ಹೊಸದೇ ತಂದೆವು. ಖರ್ಚು ಜಾಸ್ತಿ ಆಯಿತು, ಆಗಲಿ.

ಜೋಡಿಸುವುದು ಕಷ್ಟ ಇಲ್ಲ. ಲೈನರ್ ಡ್ರಮ್ಮಿಗೆ ತಾಗುವವರೆಗೆ ಪಾನಾದಿಂದ ಅಡ್ಜಸ್ಟರಿನ ನಟ್ ತಿರುಗಿಸಿ, ಅರ್ಧ ಸುತ್ತು ಹಿಂದೆ ಬಿಡಬೇಕು. ಹಿಂದೆ ತಿರುಗಿಸುವಾಗ ಕೈಗೆ ಬಿಗಿ ಹತ್ತಿ ಕರಕರ ಅನ್ನುತ್ತದೆ. ಹಾಗೆ ಅನ್ನದಿದ್ದರೆ ಒಳಗಿನ ಕ್ಲಚ್ ಹೋಗಿದೆ ಅಂತ ಲೆಕ್ಕ. ಆಮೇಲೆ ಹತ್ತಾರು ಸಲ ಬ್ರೇಕ್ ಒತ್ತಿದೆವು.

ಅವತ್ತು ಸಂಜೆ ಲಿಫ್ಟ್ ಆಕ್ಸಲ್ ಎಡಕ್ಕೆ 41, ಬಲಕ್ಕೆ 40. ಅಂಕೋಲಾಕ್ಕೆ ಲೋಡ್ ಹಾಕಿ ಬಂದ ಮೇಲೆ ಮತ್ತೆ ಅಳೆದೆ, 41, 41. ಮುಂದಿನ ನಾಲ್ಕರ ಸಾಮಾನು ತಂದಿಟ್ಟಿದ್ದೇನೆ. ಬರುವ ಅಮಾವಾಸ್ಯೆಗೆ ಮೊದಲು ಅಲ್ಲಿನ ಬುಷ್ ನೋಡುತ್ತೇವೆ, ಆಮೇಲೆ ಉಳಿದದ್ದು.